ರೇಡಿಯೋ ಹೊಟ್ಟೆಯೊಳಗಿನ ಚರಿತ್ರೆ

ಮನೆಯ ಸೀಲಿಂಗ್ ಫ್ಯಾನ್ ನಿಧಾನವಾದ್ರೆ ಎಲೆಕ್ಟ್ರಿಷಿಯನ್ ಬಂದು ಹೇಳೋ ಮೊದಲ ಮಾತು ಒಂದೇ: 'ಕಂಡೆನ್ಸರ್ ಹೋಗಿದೆ ಸಾರ್.' ಇಂಜಿನಿಯರಿಂಗ್ ಓದಿದವರು ಇದನ್ನು ಕೇಳಿ ಒಳಗೊಳಗೇ ನಗ್ತಾರೆ. ಕಾಲೇಜಿನಲ್ಲಿ ಕಲಿಸಿದ್ದು ಕೆಪಾಸಿಟರ್ ಅಂತ, ಕಂಡೆನ್ಸರ್ ಅಂದ್ರೆ ಫ್ರಿಜ್ಜಿನ ಹಿಂದಿರೋದು ಅಂತ. ಆದರೆ ತಪ್ಪು ಎಲೆಕ್ಟ್ರಿಷಿಯನ್‌ದಲ್ಲ. 1782ರಲ್ಲಿ ಇಟಲಿಯ ವೋಲ್ಟಾ ಈ ವಸ್ತುವಿಗೆ ಇಟ್ಟ ಹೆಸರೇ ಕಂಡೆನ್ಸರ್. ವಿಜ್ಞಾನಿಗಳು ಆಮೇಲೆ ಹೆಸರು ಬದಲಾಯಿಸಿಕೊಂಡ್ರು. ನಮ್ಮ ರಿಪೇರಿಯವರು ಹಳೆಯದನ್ನೇ ಇಟ್ಟುಕೊಂಡ್ರು. ಪಠ್ಯಪುಸ್ತಕ ಮರೆತದ್ದನ್ನು ರಿಪೇರಿ ಅಂಗಡಿ ನೆನಪಿಟ್ಟುಕೊಂಡಿರುತ್ತೆ ಅನ್ನೋದಕ್ಕೆ ಇದು ಸಣ್ಣ ಉದಾಹರಣೆ. ಈ ಬರಹ ಅದರ ದೊಡ್ಡ ಉದಾಹರಣೆಯ ಬಗ್ಗೆ.

ವಾರದ ಐದು ದಿನ ಬೆಂಗಳೂರಲ್ಲಿ ಕೋಡ್ ಬರೆಯೋ ನಾನು ಶನಿವಾರ ಭಾನುವಾರ ವಾಲ್ವ್ ರೇಡಿಯೋ ಬಿಚ್ಚಿಕೊಂಡು ಕೂರುತ್ತೇನೆ. ನನ್ನ ಟೇಬಲ್ಲಿಗೆ ಬಂದವು ಹೆಚ್ಚಿನವು ನಮ್ಮ ಕಡೆಯವೇ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳ ಅಟ್ಟದಿಂದ ಇಳಿದವು. ಬರುವಾಗ ಜೊತೆಗೆ ಹೊಗೆಯ ಮಸಿ, ಕುಂಬಾರ ಹುಳದ ಮಣ್ಣಿನ ಗೂಡು, ಒಮ್ಮೊಮ್ಮೆ ಇಲಿ ಬಸರಿಯಾಗಿ ಸಂಸಾರ ಮಾಡಿದ ಗುರುತೂ ಬರುತ್ತೆ. ಇದನ್ನೆಲ್ಲ ಬ್ರಶ್ ಹಿಡಿದು ತೆಗೆದ ಮೇಲೆ ತಗಡಿನ ಷಾಸಿಯ ಮೇಲೆ, ಗಾಜಿನ ವಾಲ್ವುಗಳ ಪಕ್ಕ, ಒಂದು ಅಲ್ಯೂಮಿನಿಯಂ ಡಬ್ಬಿ ನೆಟ್ಟಗೆ ನಿಂತಿರುವುದು ಕಾಣುತ್ತೆ. ಹೆಬ್ಬೆರಳಿಗಿಂತ ದಪ್ಪ, ಸುಮಾರು ಎರಡು ಹೆಬ್ಬೆರಳಿನಷ್ಟು ಎತ್ತರ. ಮೇಲೆ '50+50' ಅಂತಲೋ '32+32' ಅಂತಲೋ ಬರೆದಿರುತ್ತೆ. ರೇಡಿಯೋ ರಿಪೇರಿಯಲ್ಲಿ ಮೊದಲು ಕೈ ಹಾಕಬೇಕಾದ್ದು ಇದಕ್ಕೇ.

ಒಂದೇ ಡಬ್ಬಿ, ಒಳಗೆ ಎರಡು ಅಥವಾ ಮೂರು ಕಂಡೆನ್ಸರ್. ಒಟ್ಟು ಕುಟುಂಬ ಇದ್ದ ಹಾಗೆ: ಎಲ್ಲರಿಗೂ ಮೈನಸ್ ಒಂದೇ, ಅದು ಡಬ್ಬಿಯ ಮೈ, ಪ್ಲಸ್ ಮಾತ್ರ ಒಬ್ಬೊಬ್ಬರಿಗೆ ಒಂದೊಂದು, ಅದು ಅಡಿಯಲ್ಲಿರುವ ತಗಡಿನ ನಾಲಿಗೆ. ಗೋಡೆಯಿಂದ ಬರುವ ಕರೆಂಟು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತೆ. ವಾಲ್ವಿಗೆ ಬೇಕಾದ್ದು ಒಂದೇ ದಿಕ್ಕಿನ, ಅಲೆಯಿಲ್ಲದ, 250 ವೋಲ್ಟಿನಷ್ಟು ಕರೆಂಟು. ರೆಕ್ಟಿಫೈಯರ್ ವಾಲ್ವ್ ದಿಕ್ಕನ್ನು ಸರಿ ಮಾಡುತ್ತೆ, ಆದರೆ ಅಲೆ ಉಳಿಯುತ್ತೆ. ಡಬ್ಬಿಯ ಮೊದಲ ಭಾಗ ಕೆರೆಯ ಹಾಗೆ ಕರೆಂಟನ್ನು ತುಂಬಿಕೊಳ್ಳುತ್ತೆ, ಎರಡನೆಯ ಭಾಗ ಉಳಿದ ಅಲೆಯನ್ನು ಸೋಸುತ್ತೆ. ಇದು ಕೆಟ್ಟರೆ ಸ್ಪೀಕರಿನಿಂದ ದುಂಬಿ ಹೊಕ್ಕ ಹಾಗೆ 'ಗುಂಯ್' ಅನ್ನೋ ಸದ್ದು. ಆ ದುಂಬಿಗೂ ಶ್ರುತಿ ಇದೆ: ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿನಲ್ಲಿ ಸಾಮಾನ್ಯವಾಗಿ 100 ಹರ್ಟ್ಸ್, ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ಟಿನಲ್ಲಿ 50.

ಈ ಡಬ್ಬಿಯ ವಂಶಾವಳಿ ಸ್ವಲ್ಪ ನೋಡಿ. ಅಲ್ಯೂಮಿನಿಯಂ ತಗಡನ್ನು ದ್ರಾವಣದಲ್ಲಿಟ್ಟು ಕರೆಂಟು ಹರಿಸಿದರೆ ಅದರ ಮೇಲೆ ಆಕ್ಸೈಡಿನ ತೆಳು ಪೊರೆ ಬೆಳೆಯುತ್ತೆ, ಆ ಪೊರೆ ಕರೆಂಟನ್ನು ತಡೆಯುತ್ತೆ. ಇದನ್ನು ಕಂಡೆನ್ಸರ್ ಮಾಡಲು ಬಳಸಬಹುದು ಅಂತ ಪೇಟೆಂಟ್ ಪಡೆದವನು ಪೋಲೆಂಡ್ ಮೂಲದ ಕಾರೊಲ್ ಪೊಲಾಕ್, 1897ರಲ್ಲಿ. ಮೊದಮೊದಲು ಬಂದವು ನಿಜಕ್ಕೂ ಒಳಗೆ ನೀರು ಕುಲುಕಾಡುವ ಡಬ್ಬಿಗಳು. 1925ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ರೂಬೆನ್ ನೀರಿನ ಬದಲು ದ್ರಾವಣದಲ್ಲಿ ಅದ್ದಿದ ಕಾಗದವನ್ನು ತಗಡುಗಳ ನಡುವೆ ಸುತ್ತುವ ದಾರಿ ಹುಡುಕಿದ. ಅವನ ಜೊತೆಗಾರ ಫಿಲಿಪ್ ಮ್ಯಾಲರಿಯ ಕಂಪನಿ ಇಂಥ ಡಬ್ಬಿಗಳನ್ನು ರಾಶಿರಾಶಿ ತಯಾರಿಸಿತು. ಅಡಿಯ ನಾಲಿಗೆಗಳ ಪಕ್ಕ ಅರ್ಧಚಂದ್ರ, ಚೌಕ, ತ್ರಿಕೋನ ಕೊರೆದು, ಯಾವ ಗುರುತಿಗೆ ಎಷ್ಟು ಬೆಲೆ ಅಂತ ಡಬ್ಬಿಯ ಮೈಮೇಲೆ ಅಚ್ಚು ಹಾಕುವ ಪದ್ಧತಿ ಅಲ್ಲಿಯದು. ಯುರೋಪಿನ ಡಬ್ಬಿಗಳಲ್ಲಿ ಹೆಚ್ಚಾಗಿ ಬಣ್ಣದ ಚುಕ್ಕೆ. ಇದೇ ಮ್ಯಾಲರಿ ಕಂಪನಿಯಿಂದ ಮುಂದೆ ಡ್ಯುರಾಸೆಲ್ ಹುಟ್ಟಿತು. ನಿಮ್ಮ ಟಿವಿ ರಿಮೋಟಿನ ಸೆಲ್ಲಿಗೂ ಈ ಡಬ್ಬಿಗೂ ನೆಂಟಸ್ತನ ಇದೆ.

ಈಗ ನಮ್ಮ ಊರಿಗೆ ಬರೋಣ.

ಕನ್ನಡದ ರೇಡಿಯೋ ಚರಿತ್ರೆ ಅಂದ ತಕ್ಷಣ ಎಲ್ಲರೂ ಹೇಳೋದು 1935ರ ಮೈಸೂರು. ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪುಟ್ಟ ಪ್ರಸಾರ ಕೇಂದ್ರ ಶುರು ಮಾಡಿದ ಕಥೆ. ದೊಡ್ಡ ಕಥೆಯೇ, ಇಡೀ ದೇಶದ ರೇಡಿಯೋಗೆ 'ಆಕಾಶವಾಣಿ' ಅನ್ನೋ ಹೆಸರು ಅಲ್ಲಿಂದ ಬಂತು. ಆದರೆ ಶಿರಸಿ ಸೀಮೆಗೆ ಮೈಸೂರು ಬಹಳ ದೂರ. ಉತ್ತರ ಕನ್ನಡ ಆಗ ಮುಂಬಯಿ ಆಡಳಿತದಲ್ಲಿತ್ತು. ನಮ್ಮವರಿಗೆ ರೇಡಿಯೋ ನಿಜವಾಗಿ ಹತ್ತಿರವಾದದ್ದು 1950ರ ಜನವರಿ 8ರಂದು, ಧಾರವಾಡದ ನಿಲಯ ಶುರುವಾದಾಗ. ಗೆರೆ ಎಳೆದು ಅಳೆದರೆ ಶಿರಸಿಯಿಂದ ಧಾರವಾಡ ನೂರು ಕಿಲೋಮೀಟರ್ ಆಸುಪಾಸು. ದ.ರಾ. ಬೇಂದ್ರೆ ಸಾಹಿತ್ಯ ಸಲಹೆಗಾರರಾಗಿ, ಮಲ್ಲಿಕಾರ್ಜುನ ಮನಸೂರ ಸಂಗೀತ ಸಲಹೆಗಾರರಾಗಿ ಇದ್ದ ನಿಲಯ ಅದು. ಆಮೇಲೆ 1965ರಲ್ಲಿ ಭದ್ರಾವತಿಯೂ ಬಂತು. ಶಾರ್ಟ್‌ವೇವ್ ಇದ್ದವರಿಗೆ 1952ರಿಂದ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾ ಇತ್ತು, ಅಮೀನ್ ಸಯಾನಿಯವರ ದನಿ ಇತ್ತು.

ಪ್ರಸಾರ ಬಂತು ಅಂದ ಮಾತ್ರಕ್ಕೆ ಕೇಳಲು ಆಗಬೇಕಲ್ಲ? ಕರೆಂಟು ಎಲ್ಲಿ? ಸಿದ್ದಾಪುರದ ಗಡಿಯಲ್ಲೇ ಜೋಗ ಇದೆ. ಅಲ್ಲಿ ಜಲವಿದ್ಯುತ್ ಕೇಂದ್ರ 1948ರಲ್ಲಿ ಶುರುವಾಯ್ತು, ಆಗಿನ ಸಾಮರ್ಥ್ಯ 120 ಮೆಗಾವ್ಯಾಟ್. ಆದರೆ ಆ ಕರೆಂಟು ಮೊದಲು ಹೋದದ್ದು ಪೇಟೆಗಳಿಗೆ, ಕಾರ್ಖಾನೆಗಳಿಗೆ. ಜಲಪಾತದ ಸದ್ದು ಕೇಳುವಷ್ಟು ಹತ್ತಿರದ ಮನೆಗಳಲ್ಲಿ ಚಿಮಣಿ ಎಣ್ಣೆಯ ದೀಪವೇ ಉರಿಯುತ್ತಿತ್ತು. ಹಾಗಾಗಿ ಹಳ್ಳಿಯ ಅನುಕೂಲಸ್ಥರು ಕೊಂಡದ್ದು ಬ್ಯಾಟರಿ ಸೆಟ್. ಅದರ ವಾಲ್ವುಗಳು ಬೇರೆ ಜಾತಿಯವು: ಡಿಕೆ 96, ಡಿಎಲ್ 96 ಅಂಥವು, ಒಂದೂವರೆ ವೋಲ್ಟಿಗೇ ಬಿಸಿಯಾಗುವಂಥವು. ಜೊತೆಗೆ 90 ವೋಲ್ಟಿನ ಇಟ್ಟಿಗೆ ಗಾತ್ರದ ಡ್ರೈ ಬ್ಯಾಟರಿ ಬೇಕು. ಅದು ದುಬಾರಿ. ಅದಕ್ಕೇ ವಾರ್ತೆ ಮುಗಿದ ಕೂಡಲೇ ಅಜ್ಜ ರೇಡಿಯೋ ಆರಿಸುತ್ತಿದ್ದ, ಹಾಡು ಅರ್ಧಕ್ಕೇ ನಿಲ್ಲುತ್ತಿತ್ತು ಅನ್ನೋ ದೂರು ನಮ್ಮ ಕಡೆ ಹಿರಿಯ ಹೆಂಗಸರ ಬಾಯಲ್ಲಿ ಇಂದಿಗೂ ಇದೆ.

ಇಲ್ಲಿ ನಮ್ಮ ಡಬ್ಬಿಯ ಮಹತ್ವ ಬರೋದು. ಬ್ಯಾಟರಿಯ ಕರೆಂಟಿನಲ್ಲಿ ಅಲೆ ಇರಲ್ಲ, ಸೋಸುವ ಅಗತ್ಯವಿಲ್ಲ. ಹಾಗಾಗಿ ಡ್ರೈ ಬ್ಯಾಟರಿ ಸೆಟ್ಟಿನಲ್ಲಿ ಈ ದೊಡ್ಡ ಡಬ್ಬಿ ಬೇಕಿಲ್ಲ. ಒಂದು ಮನೆಯ ಅಟ್ಟದಲ್ಲಿ ಎರಡು ರೇಡಿಯೋ ಸಿಕ್ಕಿ, ಒಂದರಲ್ಲಿ ಡಬ್ಬಿ ಇಲ್ಲ, ಇನ್ನೊಂದರಲ್ಲಿ ಇದೆ ಅಂದ್ರೆ, ಅವೆರಡರ ನಡುವೆ ಆ ಮನೆಗೆ ಲೈಟ್ ಕಂಬ ಬಂತು ಅಂತ ಲೆಕ್ಕ. ವಿದ್ಯುತ್ ಮಂಡಳಿಯ ಯಾವ ಕಡತವನ್ನೂ ತಿರುವಬೇಕಿಲ್ಲ.

ಹೀಗೆ ಸಿಕ್ಕಿದ್ದೇ ಸಿದ್ದಾಪುರ ರಸ್ತೆಯಲ್ಲಿರುವ ನಮ್ಮ ಮಾವನ ಮನೆಯ ಸೆಟ್. ಐದು ವಾಲ್ವಿನದು, ಮರದ ಪೆಟ್ಟಿಗೆ, ಹಿಂದಿನ ರಟ್ಟು ಅರ್ಧ ಗೆದ್ದಲಿನ ಪಾಲಾಗಿತ್ತು. ಅಟ್ಟದಿಂದ ಇಳಿಸಿ ಜಗಲಿಯಲ್ಲಿಟ್ಟ ಕೂಡಲೇ ಮಾವ ಪ್ಲಗ್ ಹಿಡಿದುಕೊಂಡು ಬಂದ. ನಾನು ಬೇಡ ಅಂದೆ. ಮಾವನಿಗೆ ಸಿಟ್ಟೇ ಬಂತು. 'ಹಾಳಾಗಿ ಎತ್ತಿಟ್ಟಿದ್ದಲ್ದೋ ತಮಾ, ಚೊಲೋ ಇದ್ದಾಗ್ಲೇ ಇಟ್ಟಿದ್ದು' ಅಂದ.

ಹಳೆ ರೇಡಿಯೋ ಇಟ್ಟುಕೊಂಡವರೆಲ್ಲ ಹೇಳೋದು ಇದನ್ನೇ. ಮತ್ತು ಅದು ನಿಜವೇ. ಟ್ರಾನ್ಸಿಸ್ಟರ್ ಬಂತು, ಸೆಲ್ ಹಾಕಿದರೆ ತೋಟಕ್ಕೂ ಒಯ್ಯಬಹುದು, ಗದ್ದೆಗೂ ಒಯ್ಯಬಹುದು. ಹಾಡುತ್ತಿದ್ದ ದೊಡ್ಡ ಸೆಟ್ಟನ್ನು ಗೌರವದಿಂದಲೇ ಬಟ್ಟೆ ಸುತ್ತಿ ಅಟ್ಟಕ್ಕೇರಿಸಿದರು. ಚೆನ್ನಾಗಿದ್ದಾಗಲೇ ಇಟ್ಟದ್ದು ಚೆನ್ನಾಗಿಯೇ ಇರಬೇಕಲ್ಲ ಅನ್ನೋದು ತರ್ಕ.

ಕಂಡೆನ್ಸರಿನ ಸ್ವಭಾವ ಈ ತರ್ಕಕ್ಕೆ ತಿರುಗುಮುರುಗು. ಒಳಗಿನ ಆಕ್ಸೈಡ್ ಪೊರೆ ಕೂದಲಿನ ದಪ್ಪದ ನೂರರಲ್ಲಿ ಒಂದು ಪಾಲಿಗಿಂತಲೂ ತೆಳು. ಕರೆಂಟು ಹರಿಯುತ್ತಿದ್ದರೆ ಪೊರೆಯಲ್ಲಿ ಬಿದ್ದ ಸಣ್ಣಪುಟ್ಟ ತೂತು ತಾನೇ ಮುಚ್ಚಿಕೊಳ್ಳುತ್ತೆ, ಚರ್ಮದ ಗಾಯ ಮಾಯುವ ಹಾಗೆ. ಬಳಸದೆ ಬಿಟ್ಟರೆ ದ್ರಾವಣ ಪೊರೆಯನ್ನು ನಿಧಾನಕ್ಕೆ ಕರಗಿಸುತ್ತೆ, ಮಾಯಿಸಲು ಕರೆಂಟಿಲ್ಲ. ಇನ್ನೊಂದು ಕಡೆ ಅಡಿಯ ರಬ್ಬರಿನ ಸಂದಿಯಿಂದ ದ್ರಾವಣವೇ ಒಣಗುತ್ತಾ ಹೋಗುತ್ತೆ. ಬಿಸಿ ಹತ್ತು ಡಿಗ್ರಿ ಏರಿದರೆ ಇದರ ಆಯುಷ್ಯ ಅರ್ಧಕ್ಕಿಳಿಯುತ್ತೆ ಅನ್ನೋದು ಇಂಜಿನಿಯರುಗಳ ಒರಟು ಲೆಕ್ಕ. ನಮ್ಮ ಅಟ್ಟ ನೋಡಿ: ಬೇಸಿಗೆಯಲ್ಲಿ ಹಂಚಿನ ಕಾವು, ಮಳೆಗಾಲದಲ್ಲಿ ಕೆಳಗಿನ ಒಲೆಯ ಹೊಗೆ, ಅದರ ಮೇಲೆ ತಿಂಗಳುಗಟ್ಟಲೆ ಬಿಡದ ಥಂಡಿ. ದುಡಿದು ಸತ್ತದ್ದಲ್ಲ ಇದು. ಕೆಲಸವಿಲ್ಲದೆ ಮಲಗಿ ಸತ್ತದ್ದು.

ಅಂಥ ಡಬ್ಬಿಗೆ ಐವತ್ತು ವರ್ಷದ ಮೇಲೆ ಒಮ್ಮೆಲೇ 300 ವೋಲ್ಟ್ ಬಿಟ್ಟರೆ ಪೊರೆ ತಡೆಯಲ್ಲ. ಡಬ್ಬಿ ನೇರ ಶಾರ್ಟ್ ಆಗುತ್ತೆ. ಅದು ಸಾಯುವಾಗ ಒಂಟಿಯಾಗಿ ಸಾಯಲ್ಲ, ರೆಕ್ಟಿಫೈಯರ್ ವಾಲ್ವನ್ನೂ, ಒಮ್ಮೊಮ್ಮೆ ಟ್ರಾನ್ಸ್‌ಫಾರ್ಮರನ್ನೂ ಎಳೆದುಕೊಂಡು ಹೋಗುತ್ತೆ. ಕಂಡೆನ್ಸರ್ ನೂರು ರೂಪಾಯಿ ಒಳಗೆ ಸಿಗಬಹುದು. ಆ ಟ್ರಾನ್ಸ್‌ಫಾರ್ಮರ್ ಈಗ ಯಾರೂ ಮಾಡಲ್ಲ, ತಂತಿ ಸುತ್ತಿಸಬೇಕಾಗುತ್ತೆ. 'ಒಂದ್ಸಲ ಹಚ್ಚಿ ನೋಡುವಾ' ಅನ್ನೋ ಆಸೆಯಿಂದ ಹೋದ ರೇಡಿಯೋಗಳ ಸಂಖ್ಯೆ ಗೆದ್ದಲು ತಿಂದವಕ್ಕಿಂತ ಕಡಿಮೆ ಇರಲಿಕ್ಕಿಲ್ಲ. ಇದನ್ನೆಲ್ಲ ವಿವರಿಸಿದ ಮೇಲೆ ಮಾವ ಪ್ಲಗ್ ಕೆಳಗಿಟ್ಟ. ಕವಳ ಹಾಕಿಕೊಂಡು ಪಕ್ಕದಲ್ಲೇ ಕೂತ.

ಷಾಸಿಯನ್ನು ಪೆಟ್ಟಿಗೆಯಿಂದ ಹೊರಗೆಳೆದು ಬೋರಲು ಹಾಕಿದೆ. ಮೇಲಿಂದ ನೋಡಿದಾಗ 50+50ರ ಡಬ್ಬಿ ಒಂದೇ ಕಾಣುತ್ತಿತ್ತು. ಅಡಿಯಲ್ಲಿ ಬೇರೆಯೇ ಲೋಕ. ಡಬ್ಬಿಯ ಒಂದು ನಾಲಿಗೆಗೆ ರಟ್ಟಿನ ಕೊಳವೆಯಂಥ ಇನ್ನೊಂದು ಕಂಡೆನ್ಸರನ್ನು ಬೆಸೆದು, ಅದು ಅಲುಗಾಡದ ಹಾಗೆ ದಾರದಲ್ಲಿ ಅಚ್ಚುಕಟ್ಟಾಗಿ ಕಟ್ಟಿದ್ದರು. ಎರಡನೆಯ ನಾಲಿಗೆಗೂ ಒಂದು ಕಂಡೆನ್ಸರ್ ಜೋಡಿಸಿತ್ತು, ಆದರೆ ಅದು ಬೇರೆ ಕಾಲದ್ದು, ಪ್ಲಾಸ್ಟಿಕ್ ಹೊದಿಕೆಯದ್ದು, ಮೇಲೆ ಕೆಲ್ಟ್ರಾನ್ ಹೆಸರು. ಔಟ್‌ಪುಟ್ ವಾಲ್ವ್ ಇಎಲ್ 84ರ ಮೇಲೆ ಬಿಇಎಲ್ ಮುದ್ರೆ, ಉಳಿದ ನಾಲ್ಕು ವಾಲ್ವುಗಳ ಮೇಲೆ ಬೇರೆ ಕಂಪನಿಯದು.

ಬನವಾಸಿ ನಮ್ಮ ಶಿರಸಿ ತಾಲೂಕಿನಲ್ಲೇ ಇದೆ. ಮಧುಕೇಶ್ವರ ದೇವಸ್ಥಾನಕ್ಕೆ ಹೋದವರಿಗೆ ಗೊತ್ತು: ಕದಂಬರ ಕಾಲದ ನೆನಪಿನಿಂದ ಹಿಡಿದು ಸೋದೆ ಅರಸರವರೆಗೆ ಒಬ್ಬೊಬ್ಬರೂ ತಮ್ಮ ಕಾಲದ್ದೊಂದನ್ನು ಸೇರಿಸುತ್ತಾ ಹೋಗಿದ್ದಾರೆ. ಕಂಬದ ಕೆತ್ತನೆ ನೋಡಿ ಇದು ಯಾರ ಕಾಲದ್ದು ಅಂತ ತಿಳಿದವರು ಹೇಳ್ತಾರೆ. ರೇಡಿಯೋದ ಹೊಟ್ಟೆಯನ್ನೂ ಹಾಗೇ ಓದಬಹುದು.

ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, 1954ರಲ್ಲಿ ಹುಟ್ಟಿದ್ದು. ರೇಡಿಯೋ ವಾಲ್ವ್ ತಯಾರಿಸಲು ಶುರು ಮಾಡಿದ್ದು 1961ರಲ್ಲಿ. ಹಾಗಾಗಿ ಆ ಇಎಲ್ 84 ಬದಲಾದದ್ದು 1961ಕ್ಕಿಂತ ಮುಂಚೆ ಆಗಿರಲು ಸಾಧ್ಯವೇ ಇಲ್ಲ. ಕೇರಳದ ಕೆಲ್ಟ್ರಾನ್ ಹುಟ್ಟಿದ್ದು 1973ರಲ್ಲಿ. ಎರಡನೆಯ ಕಂಡೆನ್ಸರ್ ಅದಕ್ಕಿಂತ ಈಚಿನದು. ಅಂದರೆ ಟ್ರಾನ್ಸಿಸ್ಟರ್ ಮನೆಮನೆಗೆ ಬಂದು ಎಷ್ಟೋ ಕಾಲವಾದ ಮೇಲೂ ಈ ಮನೆಯವರು ದುಡ್ಡು ಕೊಟ್ಟು ಈ ದೊಡ್ಡ ಸೆಟ್ಟನ್ನು ರಿಪೇರಿ ಮಾಡಿಸಿದ್ದಾರೆ. ಮಾವನನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, 'ಹೌದು, ಆಯಿಗೆ ಟ್ರಾನ್ಸಿಸ್ಟರಿನ ದನಿ ಬರ್ತಿತ್ತಿಲ್ಲೆ, ಇದ್ರ ದನಿನೇ ಬೇಕಾಗಿತ್ತು' ಅಂದ. ಅವನೇ ಮರೆತಿದ್ದ ವಿಷಯ ಅದು. ಕಂಡೆನ್ಸರ್ ನೆನಪಿಸಿತು.

ಈಗ ರಿಪೇರಿಯವರ ಕೈಚಳಕದ ಬಗ್ಗೆ. ಶಿರಸಿ ಪೇಟೆಯಂಥ ಊರಿನಲ್ಲಿ ಕುಳಿತ ರಿಪೇರಿಯವನ ಹತ್ತಿರ ಕೆಪಾಸಿಟೆನ್ಸ್ ಅಳೆಯುವ ಮೀಟರ್ ಇರುತ್ತಿದ್ದದ್ದು ಅಪರೂಪ. ಗುಂಯ್ ಅನ್ನೋ ಸೆಟ್ ಬಂದರೆ ಒಂದು ಒಳ್ಳೆಯ ಕಂಡೆನ್ಸರನ್ನು ಡಬ್ಬಿಯ ನಾಲಿಗೆಗೆ ತಾಗಿಸಿ ಹಿಡಿಯೋದು. ಸದ್ದು ನಿಂತಿತೋ, ಆ ಭಾಗ ಹೋಗಿದೆ ಅಂತ ಅರ್ಥ. ಆಮೇಲೆ ಹಿಡಿದ ಜಾಗದಲ್ಲೇ ಬೆಸೆದುಬಿಡೋದು. ಎರಡು ಭಾಗದ ಹೊಸ ಡಬ್ಬಿ ತರಿಸಬೇಕೆಂದರೆ ಹುಬ್ಬಳ್ಳಿಗೋ ಮುಂಬಯಿಗೋ ಬರೆಯಬೇಕು, ಎರಡರಲ್ಲಿ ಒಂದು ಭಾಗ ಹಾಳಾದರೆ ಇಡೀ ಡಬ್ಬಿಯ ದುಡ್ಡು ಕೊಡಬೇಕು. ಬಿಡಿ ಕಂಡೆನ್ಸರ್ ಅಗ್ಗ, ಕೈಗೆ ಸಿಗುವಂಥದ್ದು.

ಪುಸ್ತಕದ ಪ್ರಕಾರ ಇದು ಸರಿಯಲ್ಲ. ಸೋರುವ ಹಳೆಯ ಭಾಗ ಒಳಗೇ ಉಳಿದು ಕರೆಂಟು ಕುಡಿಯುತ್ತಾ ಬಿಸಿಯಾಗುತ್ತೆ, ಮುಂದೊಂದು ದಿನ ಶಾರ್ಟ್ ಆಗುತ್ತೆ. ಹೊಸದನ್ನು ಹಾಕುವಾಗ ಹಳೆಯದರ ಸಂಪರ್ಕ ಕಡಿಯಲೇಬೇಕು. ಇವತ್ತು ನಾನು ಯಾರಿಗೇ ಹೇಳಿಕೊಟ್ಟರೂ ಮೊದಲ ಪಾಠ ಇದೇ. ಆದರೆ ಆ ದಾರದ ಗಂಟು ನೋಡಿ. ತಂತಿಯ ತುದಿಗೆ ತೊಡಿಸಿದ ಕೊಳವೆ ನೋಡಿ, ತಗಡಿಗೆ ತಾಗಬಾರದು ಅಂತ. ಕಾಟಾಚಾರದ ಕೆಲಸ ಅಲ್ಲ ಅದು. ಇದ್ದ ಸಾಮಾನಿನಲ್ಲಿ ಆ ಮನೆಯ ರೇಡಿಯೋ ಇನ್ನೊಂದಿಷ್ಟು ವರ್ಷ ಹಾಡುವ ಹಾಗೆ ಮಾಡಿದ ಕೆಲಸ.

ಈ ಕೆಲಸ ಮಾಡಿದವರು ಯಾರು? ಇಲ್ಲಿಂದ ನನ್ನ ತಕರಾರು ಶುರು.

ಒಂದು ವಾಲ್ವ್ ರೇಡಿಯೋ ಉಳಿದುಕೊಳ್ಳೋಕೆ ಮೂರು ಕೈ ಬೇಕು: ಮಾಡಿದವರದು, ಕೊಂಡವರದು, ರಿಪೇರಿ ಮಾಡಿದವರದು. ಮಾಡಿದವರ ಚರಿತ್ರೆ ಇದೆ. ಥಾಣೆಯ ಮರ್ಫಿ ಕಾರ್ಖಾನೆ, ತುಟಿಯ ಮೇಲೆ ಬೆರಳಿಟ್ಟ ಅದರ ಜಾಹೀರಾತಿನ ಮಗು, ಬೆಂಗಳೂರು ಮೈಸೂರು ರಸ್ತೆಯಲ್ಲಿದ್ದು ಮುಂದೆ ಬಿಎಚ್‌ಇಎಲ್‌ನಲ್ಲಿ ಸೇರಿಹೋದ ರೆಮ್ಕೊ, ಎಲ್ಲದರ ಬಗ್ಗೆ ಏನಾದರೂ ಓದಲು ಸಿಗುತ್ತೆ. ಕೊಂಡವರ ಚರಿತ್ರೆಯೂ ಇದೆ, ಸರ್ಕಾರದ ಕೃಪೆಯಿಂದ! ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಪೋಸ್ಟ್ ಆಫೀಸಿನಲ್ಲಿ ವರ್ಷ ವರ್ಷ ದುಡ್ಡು ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು. ಆ ಪುಸ್ತಕ ಎಷ್ಟೋ ಮನೆಗಳ ಟ್ರಂಕಿನಲ್ಲಿ ಆಸ್ತಿಪತ್ರದ ಜೊತೆಗೇ ಇದೆ. ಯಜಮಾನರ ಹೆಸರು, ಊರು, ಸೆಟ್ಟಿನ ವಿವರ ಎಲ್ಲ ಅದರಲ್ಲಿ ಸಿಗುತ್ತೆ.

ಮೂರನೆಯ ಕೈಯದ್ದು ಏನೂ ಇಲ್ಲ. ಅಂಚೆಯಲ್ಲಿ ಪಾಠ ತರಿಸಿಕೊಂಡು, ಇಲ್ಲವೇ ಯಾರದೋ ಅಂಗಡಿಯಲ್ಲಿ ಕಸ ಗುಡಿಸುತ್ತಾ ನೋಡಿ ಕಲಿತು, ಬಸ್ ಸ್ಟ್ಯಾಂಡಿನ ಪಕ್ಕದ ಮಾಡಿನಡಿ ಟೇಬಲ್ ಹಾಕಿಕೊಂಡು ಕೂತವರು. ಬಿಲ್ ಪುಸ್ತಕ ಇರಲಿಲ್ಲ, ಇದ್ದರೂ ಉಳಿದಿಲ್ಲ. ಅಂಗಡಿಗಳು ಟಿವಿ ರಿಪೇರಿಗೆ ತಿರುಗಿದವು, ಆಮೇಲೆ ಮೊಬೈಲಿಗೆ, ಆಮೇಲೆ ಮುಚ್ಚಿದವು. ಧಾರವಾಡದಲ್ಲಿ ಮನಸೂರರು ಹಾಡಿದ್ದು ಚರಿತ್ರೆ. ಅದು ಮಳೆಗಾಲದ ರಾತ್ರಿ ಸಿದ್ದಾಪುರದ ಒಂದು ಜಗಲಿಗೆ ಗುಂಯ್‌ಗುಡದೆ ತಲುಪುವ ಹಾಗೆ ಮಾಡಿದವನ ಹೆಸರೂ ಯಾರಿಗೂ ಗೊತ್ತಿಲ್ಲ. ಅವನ ಸಹಿ ಇರುವುದು ಒಂದೇ ಕಡೆ: ಷಾಸಿಯ ಅಡಿಯಲ್ಲಿ, ದಾರದ ಗಂಟಿನಲ್ಲಿ, ಬೆಸುಗೆಯ ಬೊಟ್ಟಿನಲ್ಲಿ. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದ್ರೆ ಅದು ಆ ಸೆಟ್ಟಿನ ಕಮಿಟ್ ಹಿಸ್ಟರಿ. ಬೇರೆಲ್ಲೂ ಬ್ಯಾಕಪ್ ಇಲ್ಲ.

ಆ ಹಿಸ್ಟರಿಯನ್ನು ಅಳಿಸುತ್ತಿರುವವರು ನಾವೇ. ಬೆಂಗಳೂರಿನ ಒಂದು ಕೆಫೆಯಲ್ಲಿ ಯಲ್ಲಾಪುರದಿಂದ ತಂದದ್ದು ಅಂತ ಹೆಮ್ಮೆಯಿಂದ ಇಟ್ಟ ರೇಡಿಯೋ ನೋಡಿದೆ. ಪಾಲಿಶ್ ಮಿರಮಿರ ಮಿಂಚುತ್ತಿತ್ತು, ಹಾಡೂ ಬರುತ್ತಿತ್ತು. ಹಿಂದಿನಿಂದ ಇಣುಕಿದರೆ ಹೊಟ್ಟೆ ಖಾಲಿ. ಷಾಸಿ ಕಿತ್ತು ಗುಜರಿಗೆ ಹಾಕಿ ಒಳಗೊಂದು ಬ್ಲೂಟೂತ್ ಸ್ಪೀಕರ್ ಇಟ್ಟಿದ್ದರು. ಪೆಟ್ಟಿಗೆ ಉಳಿಯಿತು, ರೇಡಿಯೋ ಹೋಯಿತು. ಇನ್ನೊಂದು ತುದಿಯಲ್ಲಿ ಹವ್ಯಾಸಿಗಳಿದ್ದಾರೆ: ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆ ಮಾಡುತ್ತೇವೆ ಅಂತ ಹಳೆ ರಿಪೇರಿಯನ್ನೆಲ್ಲ 'ಹೊಲಸು ಕೆಲಸ' ಅಂತ ಕಿತ್ತೆಸೆಯುವವರು. ಒಬ್ಬರು ಸಂಗೀತಕ್ಕಾಗಿ, ಇನ್ನೊಬ್ಬರು ಶುದ್ಧಿಗಾಗಿ. ಇಬ್ಬರೂ ಮೂರನೆಯ ಕೈಯನ್ನೇ ಒರೆಸಿಹಾಕುತ್ತಾರೆ.

ಹಾಗಾದರೆ ಹಳೆಯ ಡಬ್ಬಿಯನ್ನು ಮುಟ್ಟಲೇಬಾರದಾ? ಮುಟ್ಟಬೇಕು. ಒಣಗಿದ ಕಂಡೆನ್ಸರನ್ನು ಚರಿತ್ರೆಯ ಹೆಸರಲ್ಲಿ ಕೆಲಸಕ್ಕೆ ಹಚ್ಚೋದು ಮೂರ್ಖತನ, ಬೆಂಕಿಯ ಅಪಾಯ ಬೇರೆ. ಪ್ರಶ್ನೆ ಹೇಗೆ ಅನ್ನೋದು. ಮೂರು ದಾರಿಗಳಿವೆ. ಒಂದು, ಹೊಸದಾಗಿ ಮಾಡಿದ ಬಹುಭಾಗದ ಡಬ್ಬಿಯನ್ನೇ ತರಿಸೋದು. ಅಮೆರಿಕದಲ್ಲಿ ಸಿಗುತ್ತೆ, ಇಲ್ಲಿಗೆ ಬರುವಷ್ಟರಲ್ಲಿ ದುಬಾರಿ, ನಮ್ಮ ಸೆಟ್ಟಿನ ಅಳತೆಗೆ ಸಿಗೋದೂ ಕಷ್ಟ. ಎರಡು, ಹಳೆ ಡಬ್ಬಿಯನ್ನು ಬುಡದ ಮೇಲೆ ಗರಗಸದಿಂದ ಕೊಯ್ದು, ಒಳಗಿನ ಸುರುಳಿ ಎಳೆದು ತೆಗೆದು, ಅದರೊಳಗೆ ಇಂದಿನ ಪುಟ್ಟ ಕೆಪಾಸಿಟರುಗಳನ್ನು ಅಡಗಿಸಿ ಮತ್ತೆ ಮುಚ್ಚೋದು. ತಂತ್ರಜ್ಞಾನ ಎಷ್ಟು ಕುಗ್ಗಿದೆ ಅಂದ್ರೆ ಎರಡು ಹೊಸತು ಸೇರಿದರೂ ಹಳೆ ಡಬ್ಬಿಯೊಳಗೆ ಜಾಗ ಉಳಿಯುತ್ತೆ. ನೋಡಲು ಅಂದ. ಮೂರು, ಡಬ್ಬಿಯನ್ನು ಮೇಲೆ ಹಾಗೇ ನಿಲ್ಲಲು ಬಿಟ್ಟು, ಅದರ ತಂತಿಗಳನ್ನೆಲ್ಲ ಬಿಡಿಸಿ, ಹೊಸ ಕೆಪಾಸಿಟರುಗಳನ್ನು ಷಾಸಿಯ ಅಡಿಯಲ್ಲಿ ಬೇರೆ ಟ್ಯಾಗ್ ಸ್ಟ್ರಿಪ್ಪಿನ ಮೇಲೆ ಕೂರಿಸೋದು.

ಮಾವನ ಸೆಟ್ಟಿಗೆ ನಾನು ಆರಿಸಿದ್ದು ಮೂರನೆಯದು. ಎಸ್.ಪಿ. ರಸ್ತೆಯಲ್ಲಿ ಕೊಂಡ 47 ಮೈಕ್ರೋಫ್ಯಾರಡಿನ, 450 ವೋಲ್ಟಿನ ಎರಡು. ಹಳೆಯದು 50, ಹೊಸದು 47, ಅಷ್ಟು ವ್ಯತ್ಯಾಸವನ್ನು ರೇಡಿಯೋ ಗಮನಿಸಲ್ಲ. ಆದರೆ ದೊಡ್ಡದು ಒಳ್ಳೆಯದು ಅಂತ 100 ಹಾಕಬಾರದು. ಈ ಸೆಟ್ಟಿನ ರೆಕ್ಟಿಫೈಯರ್ ಇಝಡ್ 80. ಅದರ ಎದುರಿನ ಮೊದಲ ಕಂಡೆನ್ಸರ್ 50 ಮೈಕ್ರೋಫ್ಯಾರಡ್ ಮೀರಬಾರದು ಅಂತ ಮಿತಿ ಇದೆ. ಮೀರಿದರೆ ಪ್ರತಿ ಸಲ ಹಚ್ಚಿದಾಗಲೂ ಆ ಕೆರೆ ತುಂಬಿಸಲು ವಾಲ್ವ್ ಏದುಸಿರು ಬಿಡುತ್ತೆ. ಇನ್ನೊಂದು ಎಚ್ಚರ: ಕೆಲವು ಸೆಟ್ಟುಗಳಲ್ಲಿ ಡಬ್ಬಿಗೆ ರಟ್ಟಿನ ಅಂಗಿ ತೊಡಿಸಿರುತ್ತಾರೆ. ಅದು ಚಂದಕ್ಕಲ್ಲ, ಆ ಡಬ್ಬಿಯ ಮೈನಸ್ ಷಾಸಿಗೆ ತಾಗಬಾರದು ಅಂತ. ಹೊಸದರ ಮೈನಸ್ ತಂತಿಯನ್ನು ಷಾಸಿಗಲ್ಲ, ಹಳೆಯದು ಎಲ್ಲಿತ್ತೋ ಅಲ್ಲಿಗೇ ಒಯ್ಯಬೇಕು. ಟ್ರಾನ್ಸ್‌ಫಾರ್ಮರಿನ ವೋಲ್ಟೇಜ್ ಬಿಲ್ಲೆಯನ್ನು 220ರಿಂದ 245ಕ್ಕೆ ತಿರುಗಿಸಿದೆ, ಈಗಿನ ಲೈನಿನಲ್ಲಿ 230ರ ಮೇಲೇ ಬರುತ್ತೆ. ಮೇಣದ ಕಾಗದದ ಸಣ್ಣ ಕಂಡೆನ್ಸರುಗಳನ್ನೂ ಬದಲಿಸಿದೆ, ಮಲೆನಾಡಿನ ಥಂಡಿಗೆ ಅವು ಸೋರದೆ ಉಳಿಯೋದು ವಿರಳ. ಕೊನೆಗೆ ಸೀರೀಸಿನಲ್ಲಿ 60 ವ್ಯಾಟಿನ ಹಳೆ ಬಲ್ಬ್ ಹಾಕಿ ಹಚ್ಚಿದೆ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿದು ಹೇಳುತ್ತೆ. ಮಂದವಾಗಿ ಉರಿದು ತಣ್ಣಗಾಯಿತು. ಇದನ್ನೋದಿ ನೀವೇ ಸೆಟ್ ಬಿಚ್ಚಲು ಹೊರಟರೆ ಒಂದು ಮಾತು: ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್ ಜೀವ ಹಿಡಿದಿರುತ್ತೆ, ರೆಸಿಸ್ಟರ್ ತಾಗಿಸಿ ಖಾಲಿ ಮಾಡದೆ ಕೈ ಹಾಕಬೇಡಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ಟಾದರೆ ಷಾಸಿಯೇ ಲೈನಿಗೆ ಸೇರಿರುತ್ತೆ, ತಿಳಿದವರು ಪಕ್ಕದಲ್ಲಿರಲಿ.

ಹಳೆ ರಿಪೇರಿಯ ಎರಡೂ ಕಂಡೆನ್ಸರುಗಳನ್ನು ಕಿತ್ತೆಸೆಯಲಿಲ್ಲ. ಒಂದೊಂದು ಕಾಲು ಮಾತ್ರ ಕತ್ತರಿಸಿ, ಅವು ಇದ್ದ ಜಾಗದಲ್ಲೇ ಬಿಟ್ಟೆ. ದಾರದ ಗಂಟು ಹಾಗೇ ಇದೆ.

ರೇಡಿಯೋ ಏನು ಹಾಡಿತು ಅಂತ ಕೇಳ್ತೀರಿ. ಹಗಲು ಕರಕರ ಅಷ್ಟೇ. ಸಂಜೆಯ ಮೇಲೆ ಮಧ್ಯಮ ತರಂಗದಲ್ಲಿ ದೂರದೂರದ ನಿಲಯಗಳು ಬಂದವು, ಒಂದರ ಮೇಲೊಂದು. ಮಾವ ಮುಳ್ಳು ತಿರುಗಿಸುತ್ತಾ ಊಟಕ್ಕೆ ಕರೆದರೂ ಏಳಲಿಲ್ಲ. ಇದೇ ರೀತಿಯ ಸೆಟ್ಟನ್ನು ನನ್ನ ಬೆಂಗಳೂರಿನ ಫ್ಲ್ಯಾಟಿನಲ್ಲಿ ಹಚ್ಚಿದರೆ ಎಲ್‌ಇಡಿ ಬಲ್ಬು, ಚಾರ್ಜರು, ಇನ್ವರ್ಟರುಗಳ ಗದ್ದಲ ಬಿಟ್ಟು ಬೇರೇನೂ ಕೇಳಲ್ಲ. ಮಧ್ಯಮ ತರಂಗದ ನಿಲಯಗಳೇ ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಬಿಬಿಸಿ ಹಿಂದಿಯ ಶಾರ್ಟ್‌ವೇವ್ 2020ರ ಜನವರಿಗೆ ಮುಗಿಯಿತು. ಕೇಳಲು ಏನೂ ಇಲ್ಲದ ದಿನ ಬರಬಹುದು. ಆಗ ಈ ಸೆಟ್ಟುಗಳಲ್ಲಿ ಉಳಿಯುವುದು ಅವುಗಳ ಹೊಟ್ಟೆಯೊಳಗಿರುವುದು ಮಾತ್ರ. ಅದಕ್ಕೇ ಅದರ ಮೇಲೆ ನನಗಿಷ್ಟು ಆಸೆ.

ಹೊಸ ಕೆಪಾಸಿಟರ್ ಅಮರ ಅಂತ ತಿಳಿಯಬೇಡಿ. 2000ದ ಆಸುಪಾಸು ಕೆಟ್ಟ ದ್ರಾವಣದ ಕೆಪಾಸಿಟರುಗಳಿಂದ ಜಗತ್ತಿನಾದ್ಯಂತ ಕಂಪ್ಯೂಟರ್ ಮದರ್‌ಬೋರ್ಡುಗಳು ಹೋದದ್ದು, ಅವುಗಳ ತಲೆ ಪೂರಿಯ ಹಾಗೆ ಉಬ್ಬಿದ್ದು ನಮ್ಮಲ್ಲಿ ಕೆಲವರಿಗಾದರೂ ನೆನಪಿದೆ. ನಿಮ್ಮ ಲ್ಯಾಪ್‌ಟಾಪ್ ಚಾರ್ಜರಿನೊಳಗೂ ಇದೇ ವಂಶದ ಡಬ್ಬಿಯೊಂದು ಕೂತಿದೆ. ನಾನು ಹಾಕಿದ್ದೂ ಹದಿನೈದೋ ಇಪ್ಪತ್ತೋ ವರ್ಷಕ್ಕೆ ಮುದಿಯಾಗುತ್ತೆ. ಆಗ ಇನ್ನೊಬ್ಬರು ಈ ಷಾಸಿಯನ್ನು ಬೋರಲು ಹಾಕುತ್ತಾರೆ.

ಅವರಿಗಾಗಿ ಪೆಟ್ಟಿಗೆಯ ಒಳಮೈಗೆ ಒಂದು ಚೀಟಿ ಅಂಟಿಸಿದೆ. ಯಾವ ತಾರೀಖು, ಯಾವ ಜಾಗದಲ್ಲಿ ಏನು ಬದಲಿಸಿದೆ, ಹಳೆಯದರ ಬೆಲೆ ಎಷ್ಟಿತ್ತು, ಹೊಸದರದ್ದೆಷ್ಟು, ಯಾವುದನ್ನು ಕಡಿದು ಹಾಗೇ ಬಿಟ್ಟಿದ್ದೇನೆ, ಯಾಕೆ. ಕೊನೆಗೆ ಮಾವನಿಗಾಗಿ ಎರಡು ಸಾಲು: ತಿಂಗಳಿಗೊಮ್ಮೆ ಅರ್ಧ ಗಂಟೆ ತಪ್ಪದೆ ಹಚ್ಚಬೇಕು, ಮಳೆಗಾಲದಲ್ಲಿ ಎರಡು ಸಲ. ಗುಡುಗು ಮಿಂಚು ಇದ್ದಾಗ ಮಾತ್ರ ಪ್ಲಗ್ಗೂ ಏರಿಯಲ್ಲೂ ಕಿತ್ತಿಡಬೇಕು.